ಮರಳು ಹೊಡೆಯುವ ಪೆಟ್ಟಿಗೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಕೊಪ್ಪದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಇದನ್ನು ಬರೆಯಲು ಕೂತಾಗಲೂ ಆ ಸಿಟ್ಟು ಇಳಿದಿಲ್ಲ. ಇಷ್ಟು ವರ್ಷವಾದರೂ ಎಲ್ಲಾದರೂ ಕಂಪ್ರೆಸರ್ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ದಾರಿಯಲ್ಲಿ ಟಯರ್ ಅಂಗಡಿ ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ನಾನು ಬೋರ್ಡು ಬರೆಯುವವನು. ಅಂಗಡಿ ಬೋರ್ಡು, ಬಟ್ಟೆ ಬ್ಯಾನರು, ಬಸ್ಸಿನ ಹಣೆಯ ಮೇಲಿನ ಊರುಗಳ ಹೆಸರು, ಎಲ್ಲ ಬರೆದಿದ್ದೇನೆ. ಶೃಂಗೇರಿ, ಕೊಪ್ಪ, ಎನ್.ಆರ್.ಪುರ ಅನ್ನುವ ಮೂರು ಹೆಸರನ್ನು ಕಣ್ಣು ಕಟ್ಟಿ ನಿಲ್ಲಿಸಿದರೂ ಅಳತೆ ತಪ್ಪದೆ ಬರೆದೇನು. ನನ್ನ ಅಪ್ಪ ಅದೇ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಕೆರೆಕಟ್ಟೆಯವರೆಗೂ ಹೋಗಿಬರುತ್ತಿದ್ದ, ಎಂಜಿನ್ನು ಮುಂದಕ್ಕೆ ಚಾಚಿಕೊಂಡಿದ್ದ ಹಳೇ ಕಾಲದ ಮೂತಿ ಬಸ್ಸು ಅದು. ಅಪ್ಪ ತೀರಿಕೊಂಡಾಗ ಅವರದು ಅಂತ ನನಗೆ ಉಳಿದದ್ದು ಒಂದೇ ವಸ್ತು: ಖಾಕಿ ಅಂಗಿಯ ಜೇಬಿನ ಮೇಲೆ ಚುಚ್ಚಿಕೊಳ್ಳುತ್ತಿದ್ದ ಹಿತ್ತಾಳೆಯ ಬಿಲ್ಲೆ. ಮೊಟ್ಟೆಯಾಕಾರದ ಆ ಬಿಲ್ಲೆಯ ಮೇಲೆ ನಾನೂರ ಹದಿನೇಳು ಅಂತ ನಂಬರು ಒತ್ತಿತ್ತು.

ನನಗೆ ಸಣ್ಣ ಸಣ್ಣ ಬಸ್ಸು ಮಾಡುವ ಹುಚ್ಚು. ತಗಡು, ರಟ್ಟು, ಮರ, ಯಾವುದಾದರೂ ಸರಿ. ಎರಡು ಸಾವಿರದ ಇಸವಿ ಬರುವ ಹೊತ್ತಿಗೆ ಅಪ್ಪನ ಬಸ್ಸನ್ನು ಹಿತ್ತಾಳೆ ತಗಡಿನಲ್ಲಿ ಮಾಡಲು ಶುರುಮಾಡಿದ್ದೆ. ಮೊಳದುದ್ದದ ಬಸ್ಸು. ಎರಡು ಮಳೆಗಾಲ ಹಿಡಿಯಿತು. ಆಗ ನಾವು ಮೂವರು ಕೊಪ್ಪದಲ್ಲಿ ಬಸ್ಸು, ಲಾರಿ ರಿಪೇರಿಗೆ ನಿಲ್ಲುವ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಬಣ್ಣದವನು. ಇನ್ನೊಬ್ಬ ಟಯರ್ ಬಿಚ್ಚಿ ಹಾಕುವವನು, ಬಾಯಿ ತುಂಬ ಮಾತು, ಎಲ್ಲರ ಹೆಗಲ ಮೇಲೂ ಕೈ. ಮೂರನೆಯವನು ರೇಡಿಯೇಟರ್ ಬೆಸೆಯುವವನು, ಎನ್.ಆರ್.ಪುರದ ಕಡೆಯ ಸೀತೂರಿನವನು. ಇಡೀ ದಿನದಲ್ಲಿ ಹತ್ತು ಮಾತಾಡಿದರೆ ಹೆಚ್ಚು. ನನ್ನ ಬಸ್ಸಿನ ಬೆಸುಗೆಯೆಲ್ಲ ಅವನ ಕೈಯದೇ. ಹಿಂದಿನ ಬಾಗಿಲ ಹತ್ತಿರ, ಕಂಡಕ್ಟರ್ ನಿಲ್ಲುವ ಜಾಗದ ತಳಕ್ಕೆ, ಅಪ್ಪನ ಬಿಲ್ಲೆಯನ್ನು ನಂಬರು ಕೆಳಮುಖವಾಗಿ ಬರುವಂತೆ ಬೆಸೆದುಕೊಟ್ಟವನೂ ಅವನೇ. ಬೆಸೆದಾದ ಮೇಲೆ ಬಸ್ಸನ್ನು ತಿರುಗಿಸಿ ನೋಡಿ, “ಇನ್ನು ನಿನ್ನ ಅಪ್ಪಯ್ಯ ಇಳಿಯಂಗಿಲ್ಲ ನೋಡು” ಅಂದ. ಅವನು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಸ್ಸು ಮುಗಿದ ವರ್ಷದ ಆಯುಧಪೂಜೆಗೆ ಶೆಡ್ಡಿನಲ್ಲಿ ನಟ್ಟು ಬಿಚ್ಚುವ ಪಾನ, ಜಾಕಿ, ಸುತ್ತಿಗೆಗಳ ಸಾಲಿನಲ್ಲಿ ನನ್ನ ಬಸ್ಸನ್ನೂ ಇಟ್ಟೆವು. ಮೂತಿಗೆ ಕುಂಕುಮ, ಮೇಲೊಂದು ಸೇವಂತಿಗೆ. ಪೂಜೆ ಆಯಿತು, ಬೂದುಗುಂಬಳ ಒಡೆದಾಯಿತು, ಮಂಡಕ್ಕಿ ಹಂಚಿಯಾಯಿತು. ಎಲ್ಲರೂ ಊಟಕ್ಕೆ ಹೋದರು. ಶೆಡ್ಡಿನ ಬೀಗದ ಕೈ ಇದ್ದದ್ದು ನಮ್ಮ ಮೂವರ ಹತ್ತಿರ ಮಾತ್ರ. ಮಧ್ಯಾಹ್ನ ನಾನು ವಾಪಸ್ಸು ಬಂದು ಬೀಗ ತೆಗೆದು ನೋಡಿದರೆ ದೀಪ ಉರಿಯುತ್ತಿದೆ, ಪಾನ ಇವೆ, ಜಾಕಿ ಇದೆ, ಬಸ್ಸಿಲ್ಲ.

ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ದಾರಿ. ಬಂಗಾರದ ಓಲೆ ಕಳೆಯಲಿ, ಗಡಿಕಲ್ಲು ಜರುಗಲಿ, ಪೊಲೀಸು ಗಿಲೀಸು ಆಮೇಲೆ. ಮೊದಲು ಆಣೆ. ದೀಪ ಮುಟ್ಟಿ ಆಣೆ ಹಾಕಿದವನು ಮನೆಗೆ ಹೋದ, ಹಾಕದವನು ಸಿಕ್ಕಿಬಿದ್ದ. ಅದರಲ್ಲಿ ತಪ್ಪಿರಬಹುದು ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ಇಬ್ಬರನ್ನೂ ಕರೆಸಿ ಅದೇ ದೀಪದ ಮುಂದೆ ನಿಲ್ಲಿಸಿದೆ.

“ಇಬ್ರೂ ದೀಪ ಮುಟ್ಟಿ ಆಣೆ ಹಾಕಿ.”

“ಎಂಥಾ ಮಾತು ಮಾರಾಯ! ಇಕಾ ಮುಟ್ದೆ,” ಅಂದ ಟಯರಿನವನು. ನನ್ನ ಮಾತು ಮುಗಿಯುವ ಮೊದಲೇ ಅವನ ಅಂಗೈ ದೀಪದ ಮೇಲಿತ್ತು. “ನಾ ತಗಂಡಿದ್ರೆ ನನ್ನ ಎರಡು ಕಣ್ಣೂ ಇಂಗಿಹೋಗ್ಲಿ.”

ಬೆಸುಗೆಯವನು ಕೈ ಕಟ್ಟಿಕೊಂಡು ನಿಂತಿದ್ದ. “ನಮ್ಮನೇಲಿ ಆಣೆ ಹಾಕದಿಲ್ಲ ಮಾರಾಯ. ನಿಜ ಇದ್ರೂ ಹಾಕಬಾರ್ದು ಅಂತ ಅಪ್ಪಯ್ಯ ಹೇಳಿಹೋಗಿದಾರೆ. ನಾ ತಗಂಡಿಲ್ಲ.”

“ತಗಂಡಿಲ್ಲ ಅಂದ್ಮೇಲೆ ದೀಪ ಮುಟ್ಟಕ್ಕೆ ಎಂತ ಸಂಕಟ ನಿಂಗೆ?”

“ಹೇಳಿದ್ನಲ್ಲ. ತಗಂಡಿಲ್ಲ.”

ಸುತ್ತ ಹತ್ತು ಜನ ಸೇರಿದ್ದರು. ನಾನು ಬಾಯಿಗೆ ಬಂದಂತೆ ಬೈದೆ. ಅವನ ಅಪ್ಪನನ್ನೂ ಬಿಡಲಿಲ್ಲ. ನನ್ನ ಅಪ್ಪನನ್ನು ಕದ್ದೆಯಲ್ಲೋ ಅಂದೆ. ಅವನು ಬೆಸುಗೆ ಕಬ್ಬಿಣವನ್ನು ಚೀಲಕ್ಕೆ ಹಾಕಿಕೊಂಡು ಹೊರಟವನು ಮರುದಿನ ಬರಲಿಲ್ಲ. ಆಣೆ ಹಾಕಲು ಹೆದರಿದನಂತೆ ಅನ್ನುವ ಮಾತು ಒಂದೇ ವಾರದಲ್ಲಿ ಸಂತೆ ಸುತ್ತಿ, ಎನ್.ಆರ್.ಪುರದ ಬಸ್ಸು ಹತ್ತಿ ಅವನ ಊರಿಗೂ ಮುಟ್ಟಿತು. ಕೊಪ್ಪದಲ್ಲಿ ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ನನಗೆ ಅದು ತಿಳಿದಿತ್ತು, ತಿಳಿದು ಖುಷಿಪಟ್ಟಿದ್ದೆ. ಇದನ್ನು ಈಗ ಮುಚ್ಚಿಟ್ಟರೆ ನಾನು ಮನುಷ್ಯನೇ ಅಲ್ಲ.

ಟಯರಿನವನು ಮಾತ್ರ ನನ್ನ ಬೆನ್ನಿಗೆ ನಿಂತ. ಸಂಜೆ ಸಂಜೆ ಮನೆಗೆ ಬಂದು ಕಾಫಿ ಕುಡಿದು ಸಮಾಧಾನ ಹೇಳಿದ. “ಹೋಗ್ಲಿ ಬಿಡಾ, ಇನ್ನೊಂದು ಬಸ್ಸು ಮಾಡ್ತಿ ನೀನು. ಕೈ ಯಾರೂ ಕದಿಯಕ್ಕಾಗಲ್ಲ,” ಅಂದ. ನಾನು ಅವನ ಮುಂದೆ ಅತ್ತೆ. ಹೆಂಡತಿಯ ಮುಂದೆ ಅತ್ತವನಲ್ಲ ನಾನು, ಅವನ ಮುಂದೆ ಅತ್ತೆ.

ಆಮೇಲೆ ಐದು ವರ್ಷ ಹೋಯಿತು. ಅವನಿಗೆ ಒಳ್ಳೇ ಕಾಲ ಬಂತು. ಮೇನ್ ರೋಡಿನಲ್ಲೇ, ಎಲ್ಲರೂ ಕಣ್ಣಿಟ್ಟಿದ್ದ ಮಳಿಗೆ ಅವನಿಗೆ ಸಿಕ್ಕಿ ಸ್ವಂತ ಟಯರ್ ಅಂಗಡಿ ಆಯಿತು. ನನ್ನ ಕಾಲ ಇಳಿಯಿತು. ಶಿವಮೊಗ್ಗದಿಂದ ಫ್ಲೆಕ್ಸ್ ಬೋರ್ಡು ಬರಲು ಶುರುವಾಗಿ ಬ್ರಷ್ಷು ಹಿಡಿದವರನ್ನು ಕೇಳುವವರು ಕಡಿಮೆಯಾದರು. ಕೆಲಸವಿಲ್ಲದ ದಿನಗಳಲ್ಲಿ ಮತ್ತೆ ಬಸ್ಸು ಮಾಡಲು ಕೂತೆ. ಹಿತ್ತಾಳೆಯ ಮೇಲೆ ಬಣ್ಣ ನಿಲ್ಲುವುದಿಲ್ಲ ಅನ್ನುವುದೇ ನನ್ನ ದೊಡ್ಡ ತಲೆನೋವು. ಹಚ್ಚಿದಾಗ ಚಂದ. ಒಂದು ಮಳೆಗಾಲ ಕಳೆಯಲಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದರೆ ರಿವೆಟ್ಟಿನ ಸಣ್ಣ ಸಣ್ಣ ತಲೆಗಳೆಲ್ಲ ಸವೆದುಹೋಗುತ್ತವೆ.

ಇದಕ್ಕೆ ಮದ್ದು ಹೇಳಿದವರು ಶಿವಮೊಗ್ಗದಲ್ಲಿ ಹಲ್ಲಿನ ಸೆಟ್ಟು ಮಾಡುವ ಒಬ್ಬರು. ಅವರ ಬೋರ್ಡು ಬರೆಯಲು ಹೋಗಿದ್ದೆ. ಅವರ ಮೇಜಿನ ಮೇಲೆ ಗಾಜಿನ ಕಿಟಕಿಯ ಸಣ್ಣ ಪೆಟ್ಟಿಗೆ, ಅದಕ್ಕೆ ಎರಡು ಕೈಗವುಸು. ಒಳಗೆ ಕೈ ತೂರಿಸಿ ಲೋಹದ ಹಲ್ಲನ್ನು ಹಿಡಿದು, ಕಾಲಿನಿಂದ ಪೆಡಲು ಒತ್ತಿದರು. ಸಣ್ಣ ಕೊಳವೆಯಿಂದ ಗಾಳಿಯ ಜೊತೆ ಬಿಳೀ ಪುಡಿ ರಭಸದಿಂದ ಹೊಡೆಯಿತು. ಫಳಫಳ ಹೊಳೆಯುತ್ತಿದ್ದ ಹಲ್ಲು ಮಂಕಾಗಿ, ಒಂದೇ ಸಮನಾಗಿ, ಮುಟ್ಟಿದರೆ ಬೆರಳಿಗೆ ಹಿಡಿಯುವ ಹಾಗೆ ಆಯಿತು. “ಈಗ ಇದರ ಮೇಲೆ ಏನು ಹಚ್ಚಿದ್ರೂ ಕೂರ್ತದೆ,” ಅಂದರು. ನಾನು ಬೋರ್ಡು ಬರೆಯುವುದನ್ನು ಬಿಟ್ಟು ಅರ್ಧ ಗಂಟೆ ಆ ಪೆಟ್ಟಿಗೆಯನ್ನೇ ನೋಡುತ್ತ ನಿಂತೆ.

ಊರಿಗೆ ಬಂದು ಟಯರಿನವನಿಗೆ ಹೇಳಿದೆ. ಅವನು ಒಂದು ನಿಮಿಷವೂ ಯೋಚಿಸಲಿಲ್ಲ. “ನನ್ನ ಹಳೇ ಸಣ್ಣ ಕಂಪ್ರೆಸರ್ ಸುಮ್ನೆ ಬಿದ್ದಿದೆ ಮಾರಾಯ, ತಗಂಡೋಗು. ನಿಂಗಿಲ್ದಿದ್ದು ಯಾರಿಗೆ?” ಅಂದ. ತಾನೇ ಆಟೋಗೆ ಹೇರಿಸಿಕೊಂಡು ನನ್ನ ಬಾಡಿಗೆ ಮನೆಯ ಹಿತ್ತಿಲ ಬಾಗಿಲವರೆಗೆ ತಂದುಕೊಟ್ಟ. ಅಂಥ ಸ್ನೇಹಿತನಿಗೆ ಏನು ಕೊಟ್ಟರೂ ಕಡಿಮೆ ಅಂತ ಆವತ್ತು ಅನ್ನಿಸಿತು. ಥೂ, ಈಗ ನೆನೆಸಿಕೊಂಡರೆ ನನಗೇ ನಾಚಿಕೆ.

ಪೆಟ್ಟಿಗೆಯನ್ನು ನಾನೇ ಮಾಡಿದೆ. ಹಳೇ ಬೋರ್ಡುಗಳ ಪ್ಲೈವುಡ್ಡು ಕೊಯ್ದು, ಸಂದುಗಳಿಗೆಲ್ಲ ಮೇಣ ಮೆತ್ತಿದೆ. ಮೇಲಕ್ಕೆ ಓರೆಯಾಗಿ, ಒಡೆದ ಫೋಟೋ ಫ್ರೇಮಿನ ಗಾಜು ಕೂರಿಸಿದೆ. ಮುಂದೆ ಎರಡು ತೂತು ಕೊರೆದು ಮೊಣಕೈವರೆಗೆ ಬರುವ ರಬ್ಬರ್ ಗವುಸು ಬಿಗಿದೆ. ಒಳಗೊಂದು ಬಲ್ಬು. ಧೂಳು ಎಳೆಯಲು ಗುಜರಿಯಲ್ಲಿ ಸಿಕ್ಕ ವ್ಯಾಕ್ಯೂಮ್ ಕ್ಲೀನರು; ಅದರ ಬಾಯಿಯನ್ನು ಪೆಟ್ಟಿಗೆಗೆ, ಉಗುಳುವ ಕಡೆಯನ್ನು ಕಿಟಕಿಯಾಚೆ ನೀರಿನ ಬಕೆಟ್ಟಿಗೆ ಬಿಟ್ಟೆ. ಪುಡಿಯ ಡಬ್ಬಕ್ಕೆ ಒಂದು ನಳಿಗೆ ಇಳಿಬಿಟ್ಟು ಸ್ಪ್ರೇ ಗನ್ನಿನ ಹೊಟ್ಟೆಗೆ ಸೇರಿಸಿದೆ. ಗಾಳಿ ಹೋಗುವ ರಭಸಕ್ಕೆ ಪುಡಿ ತಾನಾಗಿ ಎಳೆದುಕೊಂಡು ಬರಬೇಕು, ಅಷ್ಟೇ ಲೆಕ್ಕ.

ಪುಡಿಗೆ ಎಲ್ಲಿ ಹೋಗಲಿ? ತುಂಗೆಯ ಮರಳಿದೆಯಲ್ಲ ಅಂದುಕೊಂಡೆ. ಒಂದು ಚೀಲ ಮರಳು ತಂದು, ಒಣಗಿಸಿ, ನನ್ನದೇ ಹಳೇ ಪಂಚೆಯಲ್ಲಿ ಜರಡಿ ಹಿಡಿದೆ. ಮೊದಲ ದಿನ ಕಂಪ್ರೆಸರ್ ಹಾಕಿ ಗನ್ನು ಒತ್ತಿದರೆ ಎರಡು ಸಲ ಫುಸ್ ಅಂದು ಆಮೇಲೆ ಬರೀ ನೀರು! ಜುಲೈ ತಿಂಗಳ ನಮ್ಮ ಗಾಳಿಯಲ್ಲಿ ನೀರಲ್ಲದೆ ಇನ್ನೇನಿರುತ್ತದೆ. ಒಳಗೆ ಮರಳು ಕೆಸರಾಗಿ ಗನ್ನಿನ ಗಂಟಲು ಕಟ್ಟಿತ್ತು. ಎಂಥಾ ಸಾವು ಮಾರಾಯ ಅಂತ ಗನ್ನನ್ನು ಗೋಡೆಗೆ ಬೀಸಿ ಒಗೆದೆ. ಆ ಗುರುತು ಆ ಬಾಡಿಗೆ ಮನೆಯ ಗೋಡೆಯಲ್ಲಿ ಈಗಲೂ ಇರಬಹುದು.

ಟಯರಿನವನೇ ಅದಕ್ಕೂ ಉಪಾಯ ಹೇಳಿದ. ಲಾರಿ ಬ್ರೇಕಿಗೆ ಗಾಳಿ ತುಂಬುವ ಸಣ್ಣ ಟ್ಯಾಂಕೊಂದನ್ನು ತಂದು ಕಂಪ್ರೆಸರಿಗೂ ಗನ್ನಿಗೂ ನಡುವೆ ಕೂರಿಸಿದ. ನೀರು ಅದರ ತಳದಲ್ಲಿ ನಿಲ್ಲುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಕೆಳಗಿನ ತಿರುಪು ಬಿಚ್ಚಿ ಹೊರಗೆ ಬಿಡಬೇಕಿತ್ತು. ಪೈಪಿನ ಒಂದು ಕೀಲು ಸೋರುತ್ತಿದ್ದಾಗ ಅವನೇ, “ಇದಕ್ಕೆ ಬೆಸುಗೆ ಬೇಕಿತ್ತು. ಅವ್ನಿದ್ದಿದ್ರೆ ಚಂದ ಹಾಕ್ತಿದ್ದ... ಹೋಗ್ಲಿ ಬಿಡು, ಕಳ್ಳನ ಸುದ್ದಿ ನಮಗ್ಯಾಕೆ,” ಅಂದ. ಹಾಗೆ ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನಾನೂ ಹೌದಪ್ಪ ಅಂತ ತಲೆಯಾಡಿಸಿದೆ.

ಮರಳಿನ ವಿಷಯ ಕೇಳಿ ಹಲ್ಲಿನ ಸೆಟ್ಟಿನವರು ಫೋನಿನಲ್ಲೇ ಬೈದರು. ಮರಳಿನ ಧೂಳು ಎದೆಗೆ ಹೋದರೆ ಕೆಮ್ಮಿ ಕೆಮ್ಮಿ ಸಾಯುತ್ತೀರಿ, ಮುಟ್ಟಬೇಡಿ ಅಂದರು. ತಾವು ಬಳಸುವ ಬಿಳೀ ಪುಡಿಯನ್ನೇ ಒಂದು ಡಬ್ಬ ಬಸ್ಸಿನಲ್ಲಿ ಕಳಿಸಿದರು. ಅದನ್ನು ಒಂದು ಚೂರೂ ಹಾಳುಮಾಡದೆ ಗುಡಿಸಿ ಗುಡಿಸಿ ಮತ್ತೆ ಬಳಸುತ್ತಿದ್ದೆ. ತಂಡಿ ಹಿಡಿಯದಿರಲಿ ಅಂತ ಬಚ್ಚಲ ಒಲೆಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, “ಇವತ್ತು ಎಂತ ಹುರೀತಿದೀರಿ? ಒಗ್ಗರಣೆ ಹಾಕಿಕೊಡ್ಲಾ?” ಅನ್ನುವಳು. ನನ್ನ ಸಿಟ್ಟಿಗೆ ಹೆದರದ ಜೀವ ಅದೊಂದೇ.

ಕೊನೆಗೂ ಒಂದು ದಿನ ಕೆಲಸ ಕೂಡಿಬಂತು. ಹಿತ್ತಾಳೆಯ ತುಂಡೊಂದನ್ನು ಗನ್ನಿನ ಮುಂದೆ ಹಿಡಿದು ಗೇಣು ದೂರದಿಂದ ನಿಧಾನ ಆಡಿಸಿದೆ. ಹೊಳಪು ಹೋಗಿ ಇಡೀ ತಗಡು ಸಣ್ಣಗೆ ಹಿಟ್ಟು ಸವರಿದ ಹಾಗೆ ಮಂಕಾಯಿತು. ಒಂದು ರಿವೆಟ್ಟೂ ಸವೆಯಲಿಲ್ಲ. ಹಚ್ಚಿದ ಬಣ್ಣ ಉಗುರಿನಲ್ಲಿ ಕೆರೆದರೂ ಏಳಲಿಲ್ಲ. ಟಯರಿನವನು ನನ್ನನ್ನು ಅಪ್ಪಿಕೊಂಡು ಕುಣಿದ. ಅವನ ಖುಷಿ ನಿಜವೇ ಇತ್ತು ಅಂತ ಈಗಲೂ ಅನ್ನಿಸುತ್ತದೆ. ಅದೇ ನನಗೆ ಅರ್ಥವಾಗದ್ದು.

ಆ ವರ್ಷ ದಸರೆ ಕಳೆದ ಮೇಲೆ ಶೃಂಗೇರಿಯಲ್ಲಿ ಒಂದು ವಸತಿಗೃಹದ ಬೋರ್ಡು ಬರೆಯಲು ಹೋದೆ. ಯಜಮಾನರಿಗೆ ವಯಸ್ಸಾಗಿತ್ತು, ನೆಮ್ಮಾರಿನಲ್ಲಿ ತೋಟ, ಕೊಪ್ಪದಲ್ಲಿ ಮಳಿಗೆಗಳು. ಫ್ಲೆಕ್ಸು ಕಂಡರೆ ಆಗದ ಹಳೇ ಮನುಷ್ಯ. ಅವರ ಮೇಜಿನ ಹಿಂದಿನ ಗಾಜಿನ ಬೀರುವಿನಲ್ಲಿ ಒಂದು ಬಸ್ಸಿತ್ತು. ಮುಂದೆ ಚಪ್ಪಟೆ, ಈಗಿನ ಬಸ್ಸಿನ ಹಾಗೆ. ಮೇಲೆ ದಪ್ಪ ದಪ್ಪ ಕೆಂಪು ಬಣ್ಣ. ತಂಡಿಗೆ ಬಣ್ಣ ಅಲ್ಲಲ್ಲಿ ಬೊಬ್ಬೆ ಎದ್ದಿತ್ತು.

“ಉಡುಗೊರೆ ಬಂದದ್ದು. ಬಣ್ಣ ಏಳ್ತಾ ಇದೆ ನೋಡಿ. ನೀವು ಎಂಥದೋ ಮಿಷನ್ ಮಾಡಿದೀರಂತಲ್ಲ, ಸರಿಮಾಡಿ ಕೊಡ್ತೀರಾ?” ಅಂದರು.

ಕೈಗೆ ತೆಗೆದುಕೊಂಡಾಗ ತೂಕ ಹೆಚ್ಚಿದೆ ಅನ್ನಿಸಿತು. ತಗಡಿಗೆ ಮೆತ್ತಿದ ಪುಟ್ಟಿಯ ಭಾರ ಇರಬೇಕು ಅಂದುಕೊಂಡೆ. ನನ್ನ ಕೈಯಲ್ಲೇ ಇತ್ತು, ನನಗೆ ಗೊತ್ತಾಗಲಿಲ್ಲ!

ಕೊಪ್ಪಕ್ಕೆ ಬಂದು ಇಳಿದವನೇ ಟಯರ್ ಅಂಗಡಿಗೆ ಹೋಗಿ ಹೇಳಿದೆ. ನಮ್ಮ ಪೆಟ್ಟಿಗೆಗೆ ಶೃಂಗೇರಿಯಿಂದ ಬಸ್ಸು ಬಂದಿದೆ, ನಾಳೆ ಹೊಡೆದು ಬಣ್ಣ ತೆಗೆಯುತ್ತೇನೆ ಅಂತ ಯಜಮಾನರ ಹೆಸರನ್ನೂ ಹೇಳಿದೆ. ಅವನು ಟ್ಯೂಬನ್ನು ನೀರಿಗೆ ಅದ್ದಿ ತೂತು ಹುಡುಕುತ್ತಿದ್ದ. ತಲೆ ಎತ್ತಲಿಲ್ಲ. “ಹಳೇ ಸಾಮಾನು ಮಾರಾಯ, ಸುಮ್ನೆ ಹೊಡೆದ್ರೆ ತೂತು ಬೀಳ್ತದೆ. ಮೇಲಿಂದ ಒಂದು ಕೋಟ್ ಹಚ್ಚಿ ಕೊಡು ಸಾಕು,” ಅಂದ. ಅದೆಲ್ಲ ಆಗದು, ಕೆಲಸ ಅಂದರೆ ಕೆಲಸ ಅಂದೆ ನಾನು.

ಮರುದಿನ ಬೆಳಿಗ್ಗೆ ನಾನು ಬಚ್ಚಲ ಒಲೆಯ ಮುಂದೆ ಪುಡಿ ಹುರಿಯುತ್ತಿರುವಾಗಲೇ ಆಟೋ ತಂದ. ಅಂಗಡಿಯ ದೊಡ್ಡ ಕಂಪ್ರೆಸರ್ ಕೆಟ್ಟಿದೆ, ಸಣ್ಣದು ತುರ್ತಾಗಿ ಬೇಕು ಅಂದ. ನಾನೇ ಒಂದು ಕಡೆ ಕೈ ಕೊಟ್ಟು ಎತ್ತಿದೆ. ಪಾಪ, ಅವನ ವ್ಯಾಪಾರ ನಿಲ್ಲಬಾರದಲ್ಲ ಅಂತ ಮರುಗಿದೆ ಬೇರೆ.

ಯಜಮಾನರಿಗೆ ಮಾತು ಕೊಟ್ಟಾಗಿತ್ತು. ನಾನು ಹಠದವನು. ಗಾಳಿ ತಾನೇ ಬೇಕಾದದ್ದು? ಸ್ಟ್ಯಾಂಡಿನ ಜೀಪು ಡ್ರೈವರುಗಳ ಹತ್ತಿರ ಮೂರು ಸ್ಟೆಪ್ನಿ ಟಯರು ಬೇಡಿದೆ. ಪೆಟ್ರೋಲ್ ಬಂಕಿನಲ್ಲಿ ಕಲ್ಲಾಗುವಷ್ಟು ಗಾಳಿ ಹಿಡಿಸಿ ಆಟೋದಲ್ಲಿ ಮನೆಗೆ ತಂದೆ. ಟಯರಿನ ಬಾಯಿಗೆ ನಳಿಗೆ ಬಿಗಿದು ಗನ್ನಿಗೆ ಸೇರಿಸಿದೆ. ಒಂದು ಟಯರಿನ ಗಾಳಿ ಎರಡು ನಿಮಿಷ ಬರುತ್ತಿತ್ತು. ಹೆಂಡತಿ ಹಣೆ ಚಚ್ಚಿಕೊಂಡಳು.

ಮೊದಲ ಟಯರಿಗೆ ಮುಂಭಾಗದ ಬಣ್ಣ ಹೋಯಿತು. ಅಡಿಯಲ್ಲಿ ಪುಟ್ಟಿ. ಎರಡನೆಯ ಟಯರಿಗೆ ಪುಟ್ಟಿ ಉದುರಿತು. ಅದರ ಹಿಂದೆ ಗರಗಸದಲ್ಲಿ ಕೊಯ್ದ ಹಿತ್ತಾಳೆಯ ಅಂಚು ಕಂಡಿತು. ಈ ಬಸ್ಸಿಗೆ ಮೊದಲು ಮೂತಿ ಇತ್ತು, ಯಾರೋ ಕತ್ತರಿಸಿದ್ದಾರೆ. ಮೂರನೆಯ ಟಯರಿಗೆ ನಳಿಗೆ ಬಿಗಿದು ಬಸ್ಸನ್ನು ಅಂಗಾತ ಮಾಡಿ, ಹಿಂದಿನ ಬಾಗಿಲ ತಳಕ್ಕೆ ಹಿಡಿದೆ. ಕೆಂಪು ಬಣ್ಣ ಹೋಯಿತು, ಪುಟ್ಟಿ ಹೋಯಿತು. ಮೊದಲು ನಾಲ್ಕು ಕಂಡಿತು. ಆಮೇಲೆ ಒಂದು. ಏಳು ಪೂರ್ತಿ ಕಾಣುವ ಮೊದಲೇ ಗಾಳಿ ಮುಗಿಯಿತು. ನನಗೆ ಮತ್ತೇನೂ ಕಾಣಬೇಕಾಗಿರಲಿಲ್ಲ. ಗವುಸಿನಿಂದ ಕೈ ತೆಗೆಯದೆ ಹಾಗೇ ನಿಂತಿದ್ದೆ. ಅಪ್ಪಾ ಅಂತ ಕೂಗಿದೆನಂತೆ. ಹೆಂಡತಿ ಓಡಿಬಂದಳು.

ಅವತ್ತೇ ಮಧ್ಯಾಹ್ನದ ಬಸ್ಸಿಗೆ ಶೃಂಗೇರಿಗೆ ಹೋದೆ. ಯಜಮಾನರಿಗೆ ಬಸ್ಸು ತೋರಿಸಿ ಯಾರು ಕೊಟ್ಟದ್ದು ಅಂತ ಕೇಳಿದೆ.

“ನಿಮ್ಮೂರಿನ ಟಯರ್ ಅಂಗಡಿಯವ್ರೇ. ಐದು ವರ್ಷ ಆಯ್ತು. ಮಳಿಗೆ ಕೇಳೋಕೆ ಬಂದಾಗ ಕೊಟ್ರು. ತಾನೇ ಕೈಯಾರೆ ಮಾಡಿದ್ದು ಅಂದ್ರು. ಇಷ್ಟು ಶ್ರದ್ಧೆ ಇರೋ ಮನುಷ್ಯನಿಗೆ ಕೊಡದೆ ಇನ್ಯಾರಿಗೆ ಕೊಡೋದು ಅಂತ ಮಳಿಗೆ ಅವರಿಗೇ ಕೊಟ್ಟೆ.” ನನ್ನ ಮುಖ ನೋಡಿ ಅವರ ಮಾತು ನಿಂತಿತು. ನಾನು ಎಲ್ಲ ಹೇಳಿದೆ. ಅವರು, “ತಗೊಂಡು ಹೋಗಿ. ನಿಮ್ಮ ತಂದೆಯವರದು,” ಅಂದರು. ಮಳಿಗೆ ಬಿಡಿಸಲಾ ಅಂತಲೂ ಕೇಳಿದರು. ನಾನು ಬಸ್ಸನ್ನು ಎತ್ತಿಕೊಂಡು ಎದ್ದೆ.

ಮರುದಿನ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ ಬಸ್ಸನ್ನು ಅಂಗಾತ ಮಾಡಿ ಅವನ ಮೇಜಿನ ಮೇಲೆ ಇಟ್ಟೆ. ದೊಡ್ಡ ಕಂಪ್ರೆಸರ್ ದಡದಡ ಓಡುತ್ತಿತ್ತು. ಕೆಟ್ಟಿದೆ ಅಂದಿದ್ದು ಅದೇ ತಾನೇ!

“ಎಂತ ಇದು?” ಅಂದ.

“ಓದು. ನಂಬರ್ ಓದು.”

ನೋಡಿದ. ಗುರುತು ಹಿಡಿದ. ಅಷ್ಟು ನನಗೆ ಖಂಡಿತ ಗೊತ್ತು. ಕಾಲು ಹಿಡಿದಿದ್ದರೆ, ಮಳಿಗೆಯ ಆಸೆಗೆ ಬಿದ್ದೆ ಮಾರಾಯ ಅಂದಿದ್ದರೆ, ಎರಡು ಬಾರಿಸಿ ಅಲ್ಲೇ ಕೂತು ಅಳುತ್ತಿದ್ದೆನೋ ಏನೋ. ಅವನು ಅದೇನೂ ಮಾಡಲಿಲ್ಲ. ಗೋಡೆಯ ಮೇಲಿನ ದೇವರ ಪಟದ ಮುಂದೆ ದೀಪ ಉರಿಯುತ್ತಿತ್ತು. ಸರಸರ ಹೋಗಿ ಅದರ ಮೇಲೆ ಕೈ ಇಟ್ಟ.

“ನಾ ತಗಂಡಿಲ್ಲ ಮಾರಾಯ. ಯಾರೋ ನಂಗೆ ಮಾರಿದ್ದು. ದೇವ್ರಾಣೆಗೂ. ನನ್ನ ಮಕ್ಕಳ ಆಣೆಗೂ.”

ಐದು ವರ್ಷದ ಹಿಂದಿನ ಅದೇ ಕೈ, ಅದೇ ವೇಗ. ಆಗ ಯಾವುದನ್ನು ನೋಡಿ ನಂಬಿದ್ದೆನೋ ಅದನ್ನೇ ಈಗ ನೋಡುತ್ತಿದ್ದೆ. ನನಗೆ ಹೊಡೆಯಲೂ ಕೈ ಬರಲಿಲ್ಲ. ಬಸ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ಅವನು ಹಿಂದಿನಿಂದ ಕರೆಯುತ್ತಲೇ ಇದ್ದ. ಮೋಸ ಹೋದೆ ಅನ್ನುವುದಕ್ಕಿಂತ, ಮೋಸ ಮಾಡಿದವನ ಹೆಗಲ ಮೇಲೆ ತಲೆ ಇಟ್ಟು ಅತ್ತೆನಲ್ಲ, ಅದು ನನ್ನ ಹೊಟ್ಟೆ ಉರಿಸಿತು. ಅವನ ಗಾಳಿ, ಅವನ ಟ್ಯಾಂಕು, ಅವನ ಉಪಾಯ, ಎಲ್ಲ ನನ್ನ ಅಪ್ಪನ ಬಸ್ಸು ಕೊಟ್ಟು ಪಡೆದ ಅಂಗಡಿಯಿಂದ ಬಂದದ್ದು. ಮನೆಗೆ ಹೋಗಿ ಟ್ಯಾಂಕನ್ನು ಬಿಚ್ಚಿ ಹಿತ್ತಿಲಿಗೆ ಎಸೆದೆ.

ಸೀತೂರಿಗೆ ಹೋಗಲು ಮತ್ತೆ ಎಂಟು ದಿನ ಬೇಕಾಯಿತು. ಕಳ್ಳನನ್ನು ಎದುರಿಸಲು ಒಂದು ರಾತ್ರಿ ಸಾಕಾಗಿತ್ತು. ಇವನನ್ನು ಎದುರಿಸುವುದು ಅಷ್ಟು ಸುಲಭವಿರಲಿಲ್ಲ. ಎನ್.ಆರ್.ಪುರದಲ್ಲಿ ಬಸ್ಸು ಬದಲಿಸಿ ಇಳಿದು ಕೇಳಿಕೊಂಡು ಹೋದೆ. ಮನೆಯ ಜಗುಲಿಯ ಮೇಲೆ ಕೂತು ಔಷಧಿ ಹೊಡೆಯುವ ಪಂಪಿನ ಸೋರಿಕೆ ಮುಚ್ಚುತ್ತಿದ್ದ. ತಲೆ ನರೆತಿತ್ತು. ನನ್ನನ್ನು ನೋಡಿ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಟವೆಲು ಬಿಚ್ಚಿ ಬಸ್ಸನ್ನು ಅವನ ಮುಂದೆ ಇಟ್ಟೆ.

ತಿರುಗಿಸಿ ತಳ ನೋಡಿದ. ಬಿಲ್ಲೆಯ ಸುತ್ತ ತಾನು ಹಾಕಿದ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದ. “ಬೆಸುಗೆ ಬಿಟ್ಟಿಲ್ಲ,” ಅಂದ. ಅಷ್ಟೇ.

ಬಿಕ್ಕುತ್ತ, ತೊದಲುತ್ತ, ಪೆಟ್ಟಿಗೆ ಮಾಡಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಮುಗಿದ ಮೇಲೆ ಅವನು ಒಂದೇ ಮಾತು ಕೇಳಿದ.

“ಅವ್ನ ಹತ್ರ ಹೋಗಿದ್ಯಾ? ಎಂತ ಅಂದ?”

“ಆಣೆ ಹಾಕ್ದ.”

ಅವನು ಬೆಸುಗೆ ಕಬ್ಬಿಣವನ್ನು ಕೆಂಡಕ್ಕೆ ಇಟ್ಟ. ಒಳಗಿಂದ ಅವನ ಹೆಂಡತಿ ಒಂದು ಲೋಟ ಕಾಫಿ ತಂದಿಟ್ಟು, ನನ್ನ ಮುಖ ನೋಡದೆ ಹೋದಳು. ಅವಳಿಗೆ ನಾನು ಯಾರು ಅಂತ ಗೊತ್ತಾಗಿತ್ತು. ಆ ಕಾಫಿಯನ್ನು ಹೇಗೆ ಕುಡಿದೆನೋ ನನಗೆ ತಿಳಿಯದು.

“ತಪ್ಪಾಯ್ತು ಮಾರಾಯ,” ಅಂದೆ. “ಹತ್ತು ಜನರ ಮುಂದೆ ನಿನ್ನ ಅಪ್ಪಯ್ಯನ್ನೂ ಬೈದೆ. ಎಂತ ಮಾಡ್ಲಿ ಹೇಳು. ಕೊಪ್ಪದ ಸಂತೆಲಿ ನಿಂತು ಕೂಗಿ ಹೇಳು ಅಂದ್ರೆ ಹೇಳ್ತೆ.”

“ಎಂತದೂ ಬೇಡ. ಆಗಿದ್ದಾಯ್ತು,” ಅಂದ. “ಅವತ್ತು ಆಣೆ ಹಾಕಿಬಿಟ್ಟಿದ್ರೆ ನೀ ನಂಬ್ತಿದ್ದೆ, ಅದು ನಂಗೆ ಗೊತ್ತಿತ್ತು. ಆಣೆ ಇಲ್ದೇನೂ ನಂಬ್ತಿ ಅಂದ್ಕಂಡಿದ್ದೆ. ಎರಡು ಮಳೆಗಾಲ ಒಟ್ಟಿಗೆ ಕೂತು ಮಾಡಿದ ಬಸ್ಸು ಅಲ್ದಾ.”

ನನಗೆ ತಲೆ ಎತ್ತಲಾಗಲಿಲ್ಲ. ಅವನೇ, “ಈಗ ಬೇಜಾರೆಂತ ಇಲ್ಲ ಬಿಡು,” ಅಂದ. ಆ ಮಾತಿಗೇ ನಾನು ಎಂಟು ದಿನದಿಂದ ಕಾದಿದ್ದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ಖುಷಿಗೆ, ಯೋಚಿಸದೆ, ಬಾಯಿಂದ ಬಂದುಬಿಟ್ಟಿತು.

“ನಿಜವಾಗ್ಲೂ? ನನ್ನಾಣೆಗೂ ಇಲ್ವಾ?”

ಅವನು ಕೆಂಡದಿಂದ ಕಬ್ಬಿಣ ತೆಗೆಯುತ್ತಿದ್ದವನು ನಿಂತ. ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸನ್ನು ಟವೆಲಿನಲ್ಲಿ ಮತ್ತೆ ಸುತ್ತಿ ನನ್ನ ಕಡೆ ಸರಿಸಿದ.

“ನಾಲ್ಕೂವರೆಗೆ ಎನ್.ಆರ್.ಪುರಕ್ಕೆ ಬಸ್ಸಿದೆ,” ಅಂದ. “ಅದು ತಪ್ಪಿದ್ರೆ ಮತ್ತಿಲ್ಲ.”